ಪಕ್ಕದ ಸೀಟಿನ ಮೇಸ್ತ್ರಿ

ಬೀದಿಯ ತುದಿಯಲ್ಲಿ, ಟೈರಿನ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಸಿಕ್ಕಿಕೊಂಡಿರುವ ತಗಡು ಸೂರಿನ ವರ್ಕ್‌ಶಾಪು ವೈರಕ್ಕನದು. ಆ ಹೆಸರನ್ನು ಇಟ್ಟವರು ಯಾರೋ, ಇಟ್ಟದ್ದು ಯಾವಾಗಲೋ. ಈಗ ಅವಳ ಸ್ವಂತ ತಮ್ಮನೂ ಫೋನಿನಲ್ಲಿ ಹಾಗೇ ಕರೆಯುತ್ತಾನೆ. ಎಂಜಿನ್ ಕೆಟ್ಟಿದೆ ಎಂದು ಬಂದವರನ್ನು ಅವಳು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾಳೆ. "ಎಣ್ಣೆ ಹರಿಯೋದು ನನಗೆ ಬೇಡ. ಕರೆಂಟು ಹರಿಯೋದಿದ್ರೆ ತನ್ನಿ." ದೀಪ, ಹಾರ್ನ್, ವೈಪರ್, ಬ್ಯಾಟರಿ, ಹೀಗೆ ತಂತಿಯ ತಂಟೆ ಯಾವುದಿದ್ದರೂ ಅವಳ ಪಾಲು. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು, ಆದರೆ ತಂತಿಯ ಮೇಲೆ ಮಾತ್ರ ಒಂದು ದಿನವೂ ಸಿಡುಕಿದವಳಲ್ಲ.

ಅವಳೇನು ಹುಟ್ಟುವಾಗಲೇ ಟೆಸ್ಟರ್ ಹಿಡಿದುಕೊಂಡು ಬಂದವಳಲ್ಲ. ವರ್ಕ್‌ಶಾಪು ಗಂಡನದು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹಿಂದೆ ಮನೆ, ಮುಂದೆ ವರ್ಕ್‌ಶಾಪು, ನಡುವೆ ಒಂದು ಅಂಗಳ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕರೆಯಲು ಅಂಗಳ ದಾಟಿ ಬಂದವಳು, ಮೇಸ್ತ್ರಿ ಒಂದು ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಲಾಗದೆ ಒದ್ದಾಡುವುದನ್ನು ನೋಡಿದಳು. ಅವನ ಅಂಗೈ ಮಣೆಯಷ್ಟು ಅಗಲ. "ಸರೀರಿ ಆಚೆ" ಎಂದು ತನ್ನ ಕಡ್ಡಿಯಂಥ ಕೈಯನ್ನು ಒಳಗೆ ಬಿಟ್ಟು, ಅವನು ಹೇಳಿದ ತಂತಿಯನ್ನು ಹಿಡಿದು ಎಳೆದಳು. ಅನ್ನ ಆರಿಹೋಯಿತು, ಇವಳು ಮಾತ್ರ ಮತ್ತೆ ಪೂರ್ತಿ ಅಡುಗೆಮನೆಗೆ ಹಿಂತಿರುಗಲಿಲ್ಲ. ಅಂದಿನಿಂದ ಬೋನೆಟ್ಟಿನ ಒಳಗೆ ಅವಳು, ಚಾಲಕನ ಸೀಟಿನಲ್ಲಿ ಅವನು. ನೋಡಿದವರು ನಕ್ಕರು. ಮೇಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ.

ಅವರಿಬ್ಬರಿಗೆ ಹೆಸರು ಬಂದದ್ದು ಕಳ್ಳ ದೋಷ ಹಿಡಿಯುವುದರಲ್ಲಿ. ಒಂದು ದೀಪ ಪೂರ್ತಿ ಸತ್ತಿದ್ದರೆ ಅದು ಕಷ್ಟವಲ್ಲ; ಯಾರು ಬೇಕಾದರೂ ಹುಡುಕುತ್ತಾರೆ. ಕಷ್ಟ ಕೊಡುವುದು ಬಂದು ಹೋಗುವ ದೋಷ. ರಸ್ತೆಯಲ್ಲಿ ಕೈ ಕೊಡುತ್ತದೆ, ವರ್ಕ್‌ಶಾಪಿಗೆ ಬಂದ ಕೂಡಲೇ ಸಾಧುವಿನ ಹಾಗೆ ಕೂರುತ್ತದೆ. ಅದನ್ನು ಹಿಡಿಯಲು ಇಬ್ಬರು ಬೇಕು. ಅನುಮಾನದ ದಾರಿಗೆ ಒಂದು ಚಿಕ್ಕ ಬಲ್ಬು ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಕು. ಒಬ್ಬರು ಅದರ ಮೇಲೆ ಕಣ್ಣಿಟ್ಟು ಕೂರಬೇಕು, ಇನ್ನೊಬ್ಬರು ತಂತಿಯನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಬೇಕು. ಯಾವ ಜಾಗ ಮುಟ್ಟಿದಾಗ ಬಲ್ಬು ಮಿಣುಕಿತೋ ಕಳ್ಳ ಅಲ್ಲಿದ್ದಾನೆ.

"ಇದೆಯಾ?" ಎಂದು ವೈರಕ್ಕ ಒಳಗಿನಿಂದ ಕೂಗುತ್ತಿದ್ದಳು. ಉತ್ತರವಿಲ್ಲ. ಇನ್ನೊಂದು ಗೇಣು. "ಇದೆಯಾ?" ಉತ್ತರವಿಲ್ಲ.

"ಬಾಯಲ್ಲೇನು ನೀರು ತುಂಬ್ಕೊಂಡಿದೀರಾ? ಇದೆಯೋ ಇಲ್ವೋ ಹೇಳೋಕೇನು ಕಷ್ಟ?"

"ಇರೋದನ್ನ ಕೂಗಿ ಹೇಳೋದೇನಿದೆ?" ಎಂದಿದ್ದ ಮೇಸ್ತ್ರಿ, ಮೊದಲ ದಿನವೇ. "ಹೋದಾಗ ಹೇಳ್ತೀನಿ. ನಾನು ಸುಮ್ಮನಿದ್ರೆ ಇದೆ ಅಂತ ತಿಳ್ಕೋ."

ಅಲ್ಲಿಂದ ಆಚೆಗೆ ಅದೇ ಕಾಯಿದೆ ಆಯಿತು. ಗಂಟೆಗಟ್ಟಲೆ ಅವನು ಕಣ್ಣು ಮಿಟುಕಿಸದೆ ಬಲ್ಬನ್ನು ನೋಡುತ್ತ ಕೂರುತ್ತಿದ್ದ. ಮಧ್ಯೆ ಒಮ್ಮೆ ಥಟ್ಟನೆ "ಹೋಯ್ತು" ಎನ್ನುತ್ತಿದ್ದ. ಅಷ್ಟೇ. ಅವಳ ಕೈ ಅಲ್ಲೇ ನಿಲ್ಲುತ್ತಿತ್ತು. ಆ ಮಾತಿನಲ್ಲಿ ಒಂದು ದಿನವೂ ಸುಳ್ಳಿರಲಿಲ್ಲ.

ಆದರೆ ಈ ಕಾಯಿದೆಯನ್ನು ಅವನು ಸಂಸಾರಕ್ಕೂ ತಂದದ್ದು ಅವಳಿಗೆ ನುಂಗಲಾರದ ತುತ್ತಾಯಿತು. ಅಡುಗೆ ಹೇಗಿದೆ ಎಂದರೆ ಸುಮ್ಮನೆ ಉಣ್ಣುತ್ತಿದ್ದ. ಹೊಸ ಸೀರೆ ಉಟ್ಟು ಎದುರು ನಿಂತರೆ ಸುಮ್ಮನೆ ನೋಡುತ್ತಿದ್ದ. "ಚೆನ್ನಾಗಿಲ್ದಿದ್ರೆ ಹೇಳ್ತಿದ್ನಲ್ಲ!" ಎಂಬುದು ಅವನ ಸಮಜಾಯಿಷಿ. "ನಿಮಗೆ ನನ್ನ ಮೇಲೆ ಪ್ರೀತಿ ಇದೆಯಾ?" ಎಂದು ಒಮ್ಮೆ ಬೋನೆಟ್ಟಿನೊಳಗೆ ತಲೆ ಹುದುಗಿಸಿಕೊಂಡೇ ಕೇಳಿದ್ದಳು. ಎದುರೆದುರೇ ಕೇಳಲು ನಾಚಿಕೆ. ಬಹಳ ಹೊತ್ತು ಸದ್ದಿಲ್ಲ. ಸಿಟ್ಟು ಬಂದು ತಲೆಯೆತ್ತಿ ನೋಡಿದರೆ ಬಲ್ಬಿನ ಮೇಲಿನಿಂದ ಕಣ್ಣು ತೆಗೆದು ಇವಳನ್ನೇ ನೋಡುತ್ತಿದ್ದ. ಇದೆ ಎಂಬ ಎರಡಕ್ಷರವನ್ನು ಒಂದು ಸಲ ಅವನ ಬಾಯಿಂದ ಕೇಳಬೇಕೆಂಬ ಆಸೆ ಅವಳಿಗೆ ಆಗಲೇ ಹತ್ತಿಕೊಂಡದ್ದು.

ಒಂದು ಬೆಳಿಗ್ಗೆ ಮೇಸ್ತ್ರಿ ಶೂ ಲೇಸು ಕಟ್ಟಲು ಬಗ್ಗಿದವನು ಹಾಗೇ ಮಗ್ಗುಲಿಗೆ ಉರುಳಿದ. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ, ಮಾತು ಅವನ ನಾಲಗೆಯ ಮಾತು ಕೇಳುತ್ತಿರಲಿಲ್ಲ. ಇದ್ದಷ್ಟು ಮಾತೂ ಅಳಿಸಿಹೋಗಿ ಒಂದೇ ಒಂದು ಉಳಿದಿತ್ತು. ಹೋಯ್ತು. ಮೆದುಳಿನ ಡಾಕ್ಟರು, ಹೀಗೆ ಕೆಲವರಿಗೆ ಒಂದೇ ಪದ ಉಳಿಯುವುದುಂಟು, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲ ಎಂದರು. ಲೋಕದ ಮಾತುಗಳಲ್ಲಿ ಉಳಿಯಲು ಇದೇ ಬೇಕಿತ್ತೇ ಎಂದು ವೈರಕ್ಕನಿಗೆ ಯಾರ ಮೇಲೋ ಭಯಂಕರ ಸಿಟ್ಟು ಬಂತು.

ನೀರು ಬೇಕಿದ್ದರೂ ಹೋಯ್ತು, ಬೇಡವಾಗಿದ್ದರೂ ಹೋಯ್ತು. ನೋಡಲು ಬಂದ ನೆಂಟರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು "ಹೇಗಿದೀರಿ ಮೇಸ್ತ್ರಿ, ಮುಖದಲ್ಲಿ ಕಳೆ ಬಂದಿದೆ!" ಎಂದರೆ, ಅವರನ್ನು ನೆಟ್ಟಗೆ ನೋಡಿ "ಹೋಯ್ತು" ಎನ್ನುತ್ತಿದ್ದ. ಬಂದವರು ನೆಲ ನೋಡುತ್ತಿದ್ದರು. ಒಬ್ಬ ಭಾವನಂತೂ ತನ್ನ ಹೊಸ ಅಂಗಡಿಯ ಸುದ್ದಿ ಹೇಳಲು ಬಂದು, ಈ ಮಾತು ಕೇಳಿ, ಕಾಫಿಯನ್ನೂ ಮುಗಿಸದೆ ಎದ್ದುಹೋದ. ಅವತ್ತು ವೈರಕ್ಕ ಅಡುಗೆಮನೆಗೆ ಹೋಗಿ ನಕ್ಕಳು. ನಗು ಮುಗಿಯುವ ಹೊತ್ತಿಗೆ ಅಳುತ್ತಿದ್ದಳು.

ಹಗಲೆಲ್ಲ ಅವನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಅಲ್ಲಿಂದ ಅಂಗಳವೂ ವರ್ಕ್‌ಶಾಪಿನ ಹಿಂಬಾಗಿಲೂ ಕಾಣುತ್ತವೆ. ಆ ಬಾಗಿಲ ಮೇಲೊಂದು ಬಲ್ಬು. ಸ್ವಿಚ್ಚು ಅಂಟಿಕೊಂಡು ಹಗಲೂ ಉರಿಯುತ್ತಿತ್ತು, ಈಚೆಗೆ ಆಗಾಗ ಮಿಣುಕುತ್ತಲೂ ಇತ್ತು. "ಊರಿಗೆಲ್ಲ ದೀಪ ಹಚ್ತೀಯ, ನಿನ್ನ ಬಾಗಿಲ ದೀಪ ಕಣ್ಣು ಹೊಡೀತಿದೆಯಲ್ಲ ವೈರಕ್ಕ!" ಎಂದು ಪಕ್ಕದ ವೆಲ್ಡಿಂಗಿನವನು ಕಿಚಾಯಿಸುತ್ತಿದ್ದ. ನಾಳೆ ನೋಡೋಣ ಎಂದು ಅವಳು ದಿನ ತಳ್ಳುತ್ತಿದ್ದಳು.

ಸಂಜೆ ಕೆಲಸ ಮುಗಿಸಿ, ಬೆರಳಿಗೆ ಮೆತ್ತಿಕೊಂಡ ಟೇಪಿನ ಅಂಟನ್ನು ಉಜ್ಜಿ ತೆಗೆಯುತ್ತ, ಅವನ ಕುರ್ಚಿಯ ಕಾಲ ಬಳಿ ಕೂತು ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಯಾವ ಕಾರು ಬಂತು, ಯಾವನು ತಲೆ ತಿಂದ, ಎಲ್ಲಿ ಶಾರ್ಟ್ ಆಗಿತ್ತು. ಮೊದಲಾಗಿದ್ದರೆ ಅವನು ಮೂಗಿನಲ್ಲೇ ನಗುತ್ತಿದ್ದ ಜಾಗ ಬಂದಾಗ ಮಾತು ನಿಲ್ಲಿಸಿ ಕಾಯುತ್ತಿದ್ದಳು. ಕೆಲವೊಮ್ಮೆ ಏನೂ ಬರುತ್ತಿರಲಿಲ್ಲ, ಕೆಲವೊಮ್ಮೆ ಹೋಯ್ತು ಬರುತ್ತಿತ್ತು. "ಒಂದೇ ಒಂದ್ಸಲ ಇದೆ ಅನ್ನಿ" ಎಂದು ಅವನ ಮುಖ ಹಿಡಿದು ಬೇಡಿದ್ದೂ ಉಂಟು. ಅವನು ಎದ್ದು ಓಡಾಡಲಿ ಎಂಬ ಆಸೆಯನ್ನು ಅವಳು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದಳು. ಒಳಗೆ ಅವನು ಇದ್ದಾನೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಿತ್ತು. ಮನೆಯಲ್ಲೇ ಇರುವ ಮನುಷ್ಯನಿಗಾಗಿ ಇಷ್ಟು ಹಂಬಲಿಸಬೇಕಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೇಸ್ತ್ರಿಯ ಅಕ್ಕ, ಅಂದರೆ ವೈರಕ್ಕನ ಅತ್ತಿಗೆ, ನರ್ಸಾಗಿ ನಿವೃತ್ತಳಾದವಳು. ಒಳ್ಳೆಯ ಹೆಂಗಸು. ತಮ್ಮನ ಉಗುರು ಕತ್ತರಿಸಿ, ಬೆನ್ನಿಗೆ ಎಣ್ಣೆ ತೀಡಿ, ಹೊರಗೆ ಬಂದು ನಿಟ್ಟುಸಿರು ಬಿಟ್ಟಳು.

"ನನ್ನ ಜೊತೆ ಕರ್ಕೊಂಡು ಹೋಗ್ತೀನಿ ಕಣೆ. ನಮ್ಮನೇಲಿ ಜಾಗ ಇದೆ, ನೋಡ್ಕೊಳ್ಳೋಕೆ ನನಗೆ ಬರುತ್ತೆ. ನೀನು ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಕೊಂಡು ಸಾಯ್ತಿದೀಯ."

"ಇವರಿಗೆ ಈ ಮನೆ ಬಿಟ್ಟು..."

"ಯಾವ ಮನೆ ಅಂತ ಅವನಿಗೇನು ಗೊತ್ತಾಗುತ್ತೆ? ಗೊತ್ತಾಗೋ ಹಾಗಿದ್ರೆ ಎಲ್ಲದಕ್ಕೂ ಒಂದೇ ಮಾತು ಯಾಕಾಡ್ತಾನೆ? ನಾನು ಇಂಥವರನ್ನ ಬೇಕಾದಷ್ಟು ನೋಡಿದೀನಿ. ಅದು ಮಾತಲ್ಲ, ಬರೀ ಸದ್ದು."

ವೈರಕ್ಕ ವಾದ ಮಾಡಲು ಬಾಯಿ ತೆರೆದಳು, ವಾದಕ್ಕೆ ಬೇಕಾದ ಆಧಾರ ಕೈಯಲ್ಲಿರಲಿಲ್ಲ. ಅಳತೆ ಮಾಡದೆ ಹೇಳುವವಳಲ್ಲ ಅವಳು. ಅವನಿಗೆ ನಿಜವಾಗಿಯೂ ಏನೂ ತಿಳಿಯದಿದ್ದರೆ, ತನ್ನ ಹತ್ತಿರ ಇಟ್ಟುಕೊಳ್ಳುವ ಹಟ ತನ್ನ ಆಸೆಗಷ್ಟೇ ಅಲ್ಲವೇ? ತಿಳಿಯುತ್ತಿದ್ದರೆ ಮಾತ್ರ ಕಳಿಸುವುದು ಮಹಾಪಾಪ. ಬರುವ ಭಾನುವಾರ ಮಧ್ಯಾಹ್ನ ಎಂದು ಅತ್ತಿಗೆಯೇ ಗೊತ್ತು ಮಾಡಿ ಹೋದಳು.

ಆ ವಾರದ ಮೊದಲಲ್ಲೇ ಕೆಂಪು ಕಾರು ಬಂದದ್ದು. ಬಂದದ್ದು ಎಂದರೆ ತಾನಾಗಿ ಬರಲಿಲ್ಲ, ಲಾರಿಯ ಬೆನ್ನೇರಿ ಬಂತು. ಹಳೆಯ ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗು, ಎರಡೇ ಸೀಟು, ಬ್ಯಾಟರಿ ಹಿಂದೆ, ಎಂಜಿನ್ ಮುಂದೆ. ಅದರ ಯಜಮಾನ ಹಲ್ಲಿನ ಡಾಕ್ಟರ್, ಮದುವೆಯಾಗದ ಹುಡುಗ, ಮಾತು ಜಾಸ್ತಿ.

"ಓಡ್ತಾ ಓಡ್ತಾ ಇದ್ದಕ್ಕಿದ್ದ ಹಾಗೆ ಎಲ್ಲಾ ಆಫ್. ದೀಪ ಇಲ್ಲ, ಎಂಜಿನ್ ಇಲ್ಲ. ಇಳಿದು, ಬೈದು, ಬೋನೆಟ್ ಎತ್ತಿ ನೋಡಿ, ಮತ್ತೆ ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ. ಎಲ್ಲೆಲ್ಲೋ ತೋರಿಸ್ದೆ. ಕಂಪ್ಯೂಟರ್ ಸಿಕ್ಕಿಸೋಣ ಅಂದ್ರೆ ಇದಕ್ಕೆ ಅದೂ ಇಲ್ಲ."

"ಮಳೇಲಾ? ಬಿಸಿಲಲ್ಲಾ? ತಿರುವಲ್ಲಾ? ಹಳ್ಳ ಹಾರಿದಾಗಲಾ?"

"ಒಂದು ಸಲ ಮಳೆ, ಒಂದು ಸಲ ಬಿಸಿಲು. ಸೀದಾ ರಸ್ತೇಲೂ ನಿಂತಿದೆ. ಅಮ್ಮನ್ನ ಕರ್ಕೊಂಡು ಹೊರಟ ದಿನವೇ ಮಾನ ಕಳೆಯುತ್ತೆ. ನಮ್ಮಮ್ಮನ ಬಾಯಿಗೆ ಹೆದರ್ತದೋ ಏನೋ!"

ವೈರಕ್ಕನೂ ನಕ್ಕಳು. ನಕ್ಕು ಆ ಮಾತನ್ನು ಅಲ್ಲೇ ಬಿಟ್ಟಳು.

ಬ್ಯಾಟರಿಯ ತುದಿಗಳನ್ನು ಉಜ್ಜಿದಳು. ಕಾರಿನ ಮೈಗೆ ಕಟ್ಟಿದ ಅರ್ಥಿಂಗ್ ತಂತಿ ಬಿಚ್ಚಿ, ಬಣ್ಣ ಕೆರೆದು, ಮತ್ತೆ ಬಿಗಿದಳು. ಕೀಲಿ ಹಾಕುವ ಸ್ವಿಚ್ಚನ್ನು ಬಿಚ್ಚಿ ಒಳಗಿನ ಹಿತ್ತಾಳೆ ನೋಡಿದಳು. ಫ್ಯೂಸುಗಳ ಕಾಲು, ರಿಲೇಗಳ ಕಾಲು, ಎಲ್ಲವನ್ನೂ ಕಿತ್ತು ಕೂರಿಸಿದಳು. ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಊದಿದಳು, ಆಮೇಲೆ ಮಂಜುಗಡ್ಡೆ ಚೀಲ ಇಟ್ಟು ತಣ್ಣಗಾಗಿಸಿದಳು. ಒಬ್ಬಳೇ ಕೂತು ಊರೆಲ್ಲ ಸುತ್ತಿದಳು. ಕಾರು ಹೂವಿನ ಹಾಗೆ ಓಡಿತು. ಡ್ಯಾಶ್‌ಬೋರ್ಡಿನ ಮೇಲೆ ಬಲ್ಬು ಸಿಕ್ಕಿಸಿ, ಅದರ ಎದುರು ಮೊಬೈಲು ನಿಲ್ಲಿಸಿ ವಿಡಿಯೊ ತೆಗೆಯುತ್ತ ತಂತಿಗಳನ್ನು ಅಲುಗಿಸಿದಳು. ಆಮೇಲೆ ಕೂತು ಆ ಉರಿಯುವ ಬಲ್ಬಿನ ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ಬಲ್ಬು ಒಮ್ಮೆಯೂ ಮಿಣುಕಲಿಲ್ಲ, ಅವಳಿಗೇ ತೂಕಡಿಕೆ ಬಂತು. ವೆಲ್ಡಿಂಗಿನವನನ್ನು ಕರೆದು ಚಾಲಕನ ಸೀಟಿನಲ್ಲಿ ಕೂರಿಸಿದ್ದೂ ಆಯಿತು. "ಇದೆ ಇದೆ ಇದೆ ಇದೆ" ಎಂದು ಅವನು ಒಂದೇ ಸಮನೆ ತಾಳ ಹಾಕಿದ. ಇವಳು ತಲೆಯೆತ್ತಿ ನೋಡಿದರೆ ಅವನ ಕಣ್ಣು ಮೊಬೈಲಿನಲ್ಲಿತ್ತು.

"ನಿನ್ನ ಹತ್ತು 'ಇದೆ'ಗಿಂತ ಅವರ ಒಂದು 'ಹೋಯ್ತು' ಮೇಲಾಗಿತ್ತು, ಹೋಗಪ್ಪ" ಎಂದು ಅವನನ್ನು ಓಡಿಸಿದಳು. ಖಾಲಿ ಸೀಟನ್ನು ನೋಡುತ್ತ ನಿಂತಳು. ಅಲ್ಲಿ ಆ ಅಗಲ ಬೆನ್ನಿಲ್ಲದ್ದು ಇಷ್ಟು ಕಾಲ ಕಳೆದ ಮೇಲೂ ಹೊಸದಾಗಿಯೇ ನೋಯುತ್ತಿತ್ತು.

ಕೆಂಪು ಕಾರು ಅಂಗಳದಲ್ಲಿ ನಿಂತಾಗಿನಿಂದ ಮೇಸ್ತ್ರಿಗೂ ಸಮಾಧಾನವಿರಲಿಲ್ಲ. ಕಿಟಕಿಯಲ್ಲಿ ಎಡಗೈ ಎತ್ತಿ ಅಂಗಳದ ಕಡೆ ತೋರಿಸಿ "ಹೋಯ್ತು, ಹೋಯ್ತು" ಎನ್ನುತ್ತಿದ್ದ. ಕಾರಿನ ನೆನಪು ಎಂದುಕೊಂಡಳು ವೈರಕ್ಕ. ಕಾರಣವಿತ್ತು. ಅವರ ಪ್ರಾಯದಲ್ಲಿ ಇಂಥದ್ದೇ ಒಂದು ಕಾರು ರಿಪೇರಿಗೆ ಬಂದಿತ್ತು. ಮೇಸ್ತ್ರಿ ಅದರ ಬಾಗಿಲು ಸವರುತ್ತ, ಜನ್ಮದಲ್ಲಿ ಆಡಿದ ಅತಿ ಉದ್ದದ ಮಾತಾಡಿದ್ದ: "ಒಂದು ದಿನ ನಿನ್ನ ಇಂಥದ್ರಲ್ಲಿ ಪಕ್ಕದಲ್ಲಿ ಕೂರಿಸ್ಕೊಂಡು, ಎಲ್ಲಿಗೆ ಅಂತ ಹೇಳ್ದೆ, ದೂರ ಹೋಗ್ತೀನಿ ನೋಡು."

"ಮಕ್ಕಳಾದ್ರೆ ಎಲ್ಲಿ ಕೂರಿಸ್ತೀರಿ, ಡಿಕ್ಕೀಲಾ?"

ಮಕ್ಕಳಾಗಲಿಲ್ಲ. ಕಾರೂ ಆಗಲಿಲ್ಲ. ಆದರೂ ಆ ಮಾತನ್ನು ಅವಳು ಜೋಪಾನ ಮಾಡಿಟ್ಟುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಅವನ ಬಟ್ಟೆಯ ಚೀಲ ತುಂಬಿ ಬಾಗಿಲ ಬಳಿ ಇಟ್ಟಳು. ಗಡ್ಡ ಹೆರೆದಳು. ಅವನು ಕಿಟಕಿಯತ್ತ ಕೈ ಮಾಡಿದ. "ಹೋಯ್ತು."

"ಆಯ್ತು ರೀ" ಎಂದಳು ವೈರಕ್ಕ. "ಹೋಗೋಕೆ ಮುಂಚೆ ಒಂದ್ಸಲ ಕೂರಿ ಅದರಲ್ಲಿ. ನೀವು ಕೂರಿಸಲಿಲ್ಲ, ನಾನೇ ಕೂರಿಸ್ತೀನಿ."

ಹೇಳಿದಷ್ಟು ಸುಲಭವಿರಲಿಲ್ಲ. ಅವನನ್ನು ತೋಳಿಗೆ ಆನಿಸಿಕೊಂಡು ಅಂಗಳ ದಾಟಿಸುವಷ್ಟರಲ್ಲಿ ಇಬ್ಬರೂ ಬೆವೆತರು. ಚಾಲಕನ ಸೀಟಿಗೆ ಸ್ಟೇರಿಂಗ್ ಅಡ್ಡ, ಅವನ ಸೆಟೆದ ಮೊಣಕಾಲು ಒಳಗೆ ಹೋಗುವ ಹಾಗಿಲ್ಲ. ಹಾಗಾಗಿ ಪಕ್ಕದ ಸೀಟಿನ ಬಾಗಿಲು ತೆಗೆದಳು. ಆ ಕಾರಿನಲ್ಲಿ ಕೂರುವುದೆಂದರೆ ಬೀಳುವುದೇ. ಧೊಪ್ಪೆಂದು ಬಿದ್ದ. ಬಿದ್ದವನು ಎಡಗೈಯಿಂದ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ಮುಟ್ಟಿದ. ಅಂಚಿನ ಉದ್ದಕ್ಕೂ ಬೆರಳಾಡಿಸಿದ, ಹಳೆಯ ಪರಿಚಯದವರ ಭುಜ ಮುಟ್ಟುವ ಹಾಗೆ.

ಅತ್ತಿಗೆ ಬರಲು ಇನ್ನೂ ಹೊತ್ತಿತ್ತು. ಸುಮ್ಮನೆ ನಿಂತರೆ ಅಳು ಬರುತ್ತದೆ, ಕೈಗೆ ಕೆಲಸ ಬೇಕು. ವೈರಕ್ಕ ಕೀ ತಿರುಗಿಸಿ, ಚಿಕ್ಕ ಬಲ್ಬನ್ನು ಅವನ ಎದುರಿಗೆ ಸರಿಸಿಟ್ಟಳು. "ನೋಡ್ತಾ ಇರಿ" ಎಂದಳು. ಮನಸ್ಸಿಟ್ಟು ಹೇಳಿದ್ದಲ್ಲ, ನಾಲಗೆಗೆ ಅಂಟಿದ ಅಭ್ಯಾಸ. ಹೋಗಿ ಬೋನೆಟ್ಟಿನೊಳಗೆ ತಲೆ ಹುದುಗಿಸಿದಳು.

ಮೊದಲ ಗೇಣು ಅಲುಗಿಸಿದಳು. ಎರಡನೆಯದು.

"ಹೋಯ್ತು" ಎಂದ ಮೇಸ್ತ್ರಿ.

"ಹ್ಞೂಂ" ಎಂದಳು, ತಲೆಯೆತ್ತದೆ. ಇಡೀ ದಿನ ಕೇಳುವ ಮಾತಿಗೆ ತಲೆಯೆತ್ತುವವರು ಯಾರು? ಮುಂದಿನ ಗೇಣಿಗೆ ಹೋದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ, ಸ್ವಲ್ಪ ಗಟ್ಟಿಯಾಗಿ, "ಹೋಯ್ತು."

"ಗೊತ್ತು ರೀ. ನನಗೂ ಗೊತ್ತು. ಎಲ್ಲಾ ಹೋಯ್ತು." ಕಣ್ಣೀರು ಮೂಗಿನ ತುದಿಯಿಂದ ಬ್ಯಾಟರಿಯ ತಂತಿಯ ಮೇಲೆ ಉದುರಿತು. ಒರೆಸಲು ಕೈ ಖಾಲಿ ಇರಲಿಲ್ಲ.

ಆಗ ಅವಳ ಕಿವಿಯ ಹತ್ತಿರ ರಿಲೇ ಎಂಬ ಪುಟ್ಟ ಸ್ವಿಚ್ಚು ಟಕ್ ಎಂದಿತು. ಕರೆಂಟು ಬಂದಾಗಲೋ ಹೋದಾಗಲೋ ಆಗುವ ಸದ್ದು ಅದು, ತಾನಾಗಿ ಆಗುವಂಥದ್ದಲ್ಲ. ಟಕ್ ಎಂದ ಮರುಕ್ಷಣ ಸೀಟಿನಿಂದ ಮಾತು ಬಂತು. "ಹೋಯ್ತು!"

ವೈರಕ್ಕ ತಲೆಯೆತ್ತಿದಳು. ಬೋನೆಟ್ಟಿಗೆ ನೆತ್ತಿ ಬಡಿದದ್ದೂ ತಿಳಿಯಲಿಲ್ಲ. ಗಾಜಿನ ಆಚೆ ಬಲ್ಬು ಆರಿತ್ತು. ಮೇಸ್ತ್ರಿ ಅದನ್ನೇ ನೋಡುತ್ತಿದ್ದ, ಹುಬ್ಬು ಗಂಟಿಕ್ಕಿಕೊಂಡು, ಇವಳ ಮೈಗಳ್ಳತನಕ್ಕೆ ರೇಗುತ್ತಿದ್ದ ಹಳೆಯ ಮುಖದಲ್ಲಿ. ಬಲಕ್ಕೆ ವಾಲಿದ್ದ ಮೈಯನ್ನು ಕಷ್ಟಪಟ್ಟು ಎಡಕ್ಕೆ ಎಳೆದುಕೊಂಡ. ಟಕ್. ಬಲ್ಬು ಹತ್ತಿತು. ಅವನು ಸುಮ್ಮನಾದ.

ಅವಳು ಎರಡೂ ಕೈಗಳನ್ನು ಎಂಜಿನ್ನಿನಿಂದ ಹೊರಗೆ ತೆಗೆದು, ಶರಣಾದವರ ಹಾಗೆ ಮೇಲೆತ್ತಿ ನಿಂತಳು. ಈಗ ಯಾರೂ ಯಾವ ತಂತಿಯನ್ನೂ ಮುಟ್ಟುತ್ತಿರಲಿಲ್ಲ. ಸೋತ ಬಲಭಾಗಕ್ಕೆ ಮೇಸ್ತ್ರಿಯ ಮೈ ಮೆಲ್ಲನೆ ಜಾರಿತು. ಬಲ್ಬು ಆರಿತು.

"ಹೋಯ್ತು."

ವೈರಕ್ಕನಿಗೆ ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೂ ಕಸುಬು ಕಸುಬೇ. ಮೊದಲು ಮೊಬೈಲು ತೆಗೆದು ಹಲ್ಲಿನ ಡಾಕ್ಟರಿಗೆ ಹಚ್ಚಿದಳು.

"ಕಾರು ನಿಂತಾಗೆಲ್ಲ ಪಕ್ಕದಲ್ಲಿ ಅಮ್ಮ ಕೂತಿದ್ರಾ?"

"ಹೌದು... ಅದೇ ಹೇಳಿದ್ನಲ್ಲ."

"ಅಮ್ಮ ಸ್ವಲ್ಪ ತೂಕದವರಾ?"

"ಸ್ವಲ್ಪ ಅಲ್ಲ. ಯಾಕೆ?"

"ಅವರು ಇಳಿದ ಮೇಲೇ ಸ್ಟಾರ್ಟ್ ಆಗ್ತಿತ್ತಾ?"

"ಅಯ್ಯೋ! ಇದನ್ನ ಅಮ್ಮನಿಗೆ ಹೇಗೆ ಹೇಳೋದು?"

"ಅದು ನಿಮ್ಮ ತಲೆನೋವು" ಎಂದು ಫೋನಿಟ್ಟಳು. ಒಬ್ಬಳೇ ಊರೆಲ್ಲ ಸುತ್ತಿದರೆ ಕಳ್ಳ ಸಿಗುವುದಾದರೂ ಹೇಗೆ? ಪಕ್ಕದಲ್ಲಿ ಒಬ್ಬರು ಕೂತರೆ ಮಾತ್ರ ಬರುವ ದೋಷ ಅದು. ತನ್ನ ಪಕ್ಕದಲ್ಲಿ ಯಾರೂ ಕೂರದೆ ಎಷ್ಟು ಕಾಲವಾಯಿತೆಂದರೆ, ಆ ಪ್ರಶ್ನೆ ಕೇಳಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ.

ಆಮೇಲೆ ಅವಳು ಚಾಲಕನ ಸೀಟಿಗೆ ಬಂದು ಅವನ ಪಕ್ಕ ಕೂತಳು. ಅವನನ್ನು ಎಡಕ್ಕೆ ನೆಟ್ಟಗೆ ಕೂರಿಸಿ, ದಿಂಬು ಒತ್ತಿ, ಅಲ್ಲಾಡದ ಹಾಗೆ ಮಾಡಿದಳು. ಬಲ್ಬು ಉರಿಯುತ್ತಿತ್ತು. ಅವನು ಸುಮ್ಮನಿದ್ದ. ಅವಳು ಕೀ ತಿರುಗಿಸಿ ಆರಿಸಿದಳು.

"ಹೋಯ್ತು."

ಹಚ್ಚಿದಳು. ಮೌನ. ಅವನು ಬಲ್ಬಿನ ಮೇಲಿನ ಕಣ್ಣನ್ನು ತೆಗೆಯಲಿಲ್ಲ. ಅವಳು ಬಹಳ ಹೊತ್ತು ಕಾದಳು, ಬೇಕೆಂದೇ ಕಾದಳು. ಎಷ್ಟು ಕಾದರೂ ಅವನು ಆ ಮಾತನ್ನು ಆಡಲಿಲ್ಲ. ಆರಿಸಿದಳು.

"ಹೋಯ್ತು."

ವೈರಕ್ಕ ಸ್ಟೇರಿಂಗಿಗೆ ಹಣೆಯೊತ್ತಿದಳು. ನೀರಿಗೂ ನಿದ್ದೆಗೂ ಅವನಿಗೆ ಬೇರೆ ಮಾತಿಲ್ಲದ್ದರಿಂದ ಇದನ್ನೇ ಆಡುತ್ತಿದ್ದಿರಬಹುದು. ಆದರೆ ಕಿಟಕಿಯಲ್ಲಿ? ತಲೆಯೆತ್ತಿ ವರ್ಕ್‌ಶಾಪಿನ ಹಿಂಬಾಗಿಲ ಕಡೆ ನೋಡಿದಳು. ಕಾರಿನ ಆಚೆ, ಅವನ ಕೈ ತೋರುತ್ತಿದ್ದ ನೇರಕ್ಕೆ, ಬಾಗಿಲ ಮೇಲಿನ ಬಲ್ಬು ಮಿಣುಕಿತು, ಆರಿತು, ಮತ್ತೆ ಹತ್ತಿತು. ಹೆಂಡತಿಗೆ ದಿನವಿಡೀ ವರದಿ ಒಪ್ಪಿಸುತ್ತ ಕೂತಿದ್ದ ಮನುಷ್ಯನಿಗೆ ಅವಳು ದಿಂಬು ಸರಿಮಾಡಿ ಹೋಗುತ್ತಿದ್ದಳು.

"ನನ್ನ ಕಿವಿಗೆ ಏನಾಗಿತ್ತು ರೀ" ಎಂದಳು. ಅವನ ಕೈ ಹಿಡಿದುಕೊಂಡು ಸಾಕಾಗುವಷ್ಟು ಅತ್ತಳು.

ಅತ್ತು ಮುಗಿಸಿ ಅವನನ್ನು ಕುರ್ಚಿಗೆ ದಾಟಿಸಿ ಕಾರಿನ ಪಕ್ಕದಲ್ಲೇ ಕೂರಿಸಿದಳು. ಸೀಟು ಬಿಚ್ಚಿ ಕಾರ್ಪೆಟ್ಟು ಎತ್ತಿದರೆ ಕಳ್ಳ ಅಂಗಾತ ಮಲಗಿದ್ದ. ಹಿಂದಿನ ಬ್ಯಾಟರಿಯಿಂದ ಮುಂದಕ್ಕೆ ಹೋಗುವ ದಪ್ಪ ತಂತಿ. ಯಾವನೋ ಪುಣ್ಯಾತ್ಮ ಬೆಸುಗೆ ಹಾಕದೆ ಬರೀ ತಿರುಚಿ ಟೇಪು ಸುತ್ತಿದ್ದ. ಸೀಟು ಜಾರುವ ಹಳಿ ಭಾರಕ್ಕೆ ಕೆಳಗೆ ಒತ್ತಿದಾಗ ಆ ಗಂಟು ಬಾಯಿ ಬಿಡುತ್ತಿತ್ತು, ಭಾರ ಇಳಿದರೆ ಮುಚ್ಚಿಕೊಳ್ಳುತ್ತಿತ್ತು. ಅವಳು ಹಳೆಯ ಟೇಪು ಕಿತ್ತು, ತಂತಿ ಕೆರೆದು, ಬೆಸುಗೆ ಹಾಕಿ, ಹಳಿಯಿಂದ ದೂರಕ್ಕೆ ಸರಿಸಿ ಕಟ್ಟಿದಳು. ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ ಮೇಸ್ತ್ರಿ ಮೂಗಿನಲ್ಲೇ ಒಂದು ಸದ್ದು ಮಾಡಿದ. ನಗುವೋ ಏನೋ, ಅವಳು ಅಳತೆ ಮಾಡಲು ಹೋಗಲಿಲ್ಲ.

ಅತ್ತಿಗೆ ಬಂದಾಗ ಮೇಸ್ತ್ರಿ ಮತ್ತೆ ಪಕ್ಕದ ಸೀಟಿನಲ್ಲಿದ್ದ, ವೈರಕ್ಕ ಬೋನೆಟ್ಟಿನೊಳಗೆ. ದುರಸ್ತಿ ಆದ ಮೇಲೆ ಭಾರ ಹಾಕಿ ಪರೀಕ್ಷಿಸಬೇಕಲ್ಲ.

"ಇದೇನೇ ಇದು! ಕಾಯಿಲೆ ಮನುಷ್ಯನ್ನ ಕಾರೊಳಗೆ ತುರುಕಿದೀಯ! ಬಟ್ಟೆ ಚೀಲ ಎಲ್ಲಿ? ಹೊತ್ತಾಗುತ್ತೆ."

"ಚೀಲ ಬಿಚ್ಚಿಟ್ಟೆ ಅತ್ತಿಗೆ. ಅವರು ಎಲ್ಲಿಗೂ ಬರಲ್ಲ."

"ಯಾರು ಹೇಳಿದ್ರು?"

"ಅವರೇ."

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ತಮ್ಮನ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದಳು. ಪಾಪ, ಇವಳಿಗೂ ತಲೆ ಕೆಟ್ಟಿತು ಎಂಬ ನೋಟ ಅದು. ವೈರಕ್ಕ ಉತ್ತರ ಕೊಡದೆ ಬಗ್ಗಿದಳು. ಮೇಸ್ತ್ರಿಯ ಮೈ ಬಲಕ್ಕೆ ವಾಲಿತು, ಪೂರ್ತಿ ಭಾರ ಹಳಿಯ ಮೇಲೆ ಬಿತ್ತು. ರಿಲೇ 'ಟಕ್' ಅನ್ನಲಿಲ್ಲ.

"ಇದೆಯಾ?" ಎಂದು ಕೂಗಿದಳು.

ಉತ್ತರವಿಲ್ಲ. ಎಂಜಿನ್ನಿನ ಮರೆಯಲ್ಲಿ, ಯಾರಿಗೂ ಮುಖ ಕಾಣದ ಜಾಗದಲ್ಲಿ, ಅವಳು ಒಂದು ಗೇಣು ಮುಂದೆ ಸರಿದಳು. ಅವಳಿಗೆ ಬೇಕಾಗಿದ್ದ ಆ ಎರಡಕ್ಷರ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಕೇಳಿದಳು, ಈ ಸಲ ಮೆಲ್ಲಗೆ.

"ರೀ... ನೀವು ಇದೀರಾ?"

ಬಾಗಿಲ ಬಳಿ ಅತ್ತಿಗೆ ಬೇಸರದಿಂದ ಬಾಯಿ ತೆರೆದಳು. "ಎಲ್ಲಿ ಮಾತಾಡ್ತಾನೆ, ಪಾಪ..."

ವೈರಕ್ಕ ಮಸಿ ಹಿಡಿದ ಕೈಯನ್ನು ಬೋನೆಟ್ಟಿನಿಂದ ಹೊರಗೆ ಚಾಚಿ ಅವಳನ್ನು ತಡೆದಳು.

"ಶ್, ಅತ್ತಿಗೆ. ಹೇಳ್ತಿದಾರೆ."